ಮನೆಗೊಂದು ಕೊರಳಪಟ್ಟಿ

ಮೂಗಿಗೆ ಬಂದ ರೋಗ ಮಿದುಳಿಗೆ ಏರುತ್ತದೆ ಎಂದರೆ ಮೊದಮೊದಲು ಯಾರೂ ನಂಬಲಿಲ್ಲ. ಕೊರೊನಾದ ಹಳೆಯ ಅಲೆಗಳನ್ನು ಕಂಡು ಪಳಗಿದ ಜನ. ಹೊಸ ತಳಿ ಬಂತು ಎಂದಾಗ, ಈ ಸಲದ್ದು ಬರೀ ನೆಗಡಿ ಬಿಡ್ರಿ ಎಂದು ಕಷಾಯ ಕುಡಿದು ಕಂಬಳಿ ಹೊದ್ದು ಮಲಗಿದರು. ನೆಗಡಿ ಹೋಯಿತು, ಜ್ವರ ಇಳಿಯಿತು, ಎದ್ದು ಅಂಗಡಿ ಬಾಗಿಲು ತೆಗೆದರು. ಆಮೇಲೆ ಒಂದು ದಿನ ಚಹದ ಬಸಿ ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ವಾಲಿತು, ಅರ್ಧ ಮೈ ನಿಶ್ಚೇಷ್ಟಿತವಾಯಿತು. ಅಜ್ಜ ಅಜ್ಜಿಯರಿಗೆ ಹೊಡೆಯಬೇಕಾದ ಲಕ್ವಾ ಮೂವತ್ತರ ಹರೆಯದವರಿಗೆ ಹೊಡೆಯತೊಡಗಿತು. ವೈರಾಣು ರಕ್ತನಾಳಗಳ ಒಳಗೋಡೆಯನ್ನು ಕೆರಳಿಸಿ, ಹರಿಯುವ ನೆತ್ತರನ್ನು ಅಲ್ಲಲ್ಲೇ ಹೆಪ್ಪುಗಟ್ಟಿಸುತ್ತಿತ್ತು. ಆ ಹೆಪ್ಪಿನ ಚೂರು ಕೊರಳ ದಾರಿ ಹಿಡಿದು ಮಿದುಳಿಗೆ ಹೋಗಿ ಕೂತರೆ ಮುಗಿಯಿತು.

ಚೂರು ಕೊರಳು ದಾಟುವಾಗಲೇ ಅದನ್ನು ಪತ್ತೆ ಹಚ್ಚಿದರೆ? ಈ ಒಂದು ಪ್ರಶ್ನೆ ಹಿಡಿದುಕೊಂಡು ಹುಬ್ಬಳ್ಳಿಯ ಡಾಕ್ಟರ್ ಮಂದಾಕಿನಿ ಹಂಚಿನಾಳ ಮೂರು ವರ್ಷ ಸರಿಯಾಗಿ ಊಟ ಮಾಡಿರಲಿಲ್ಲ. ಕೊನೆಗೂ ಒಂದು ಯಂತ್ರ ಮಾಡಿದಳು. ಕಿವಿಯ ಕೆಳಗೆ ನಾಡಿ ಮಿಡಿಯುವ ಜಾಗಕ್ಕೆ ಕೂರುವ ಸಣ್ಣ ಬಿಲ್ಲೆ, ಅದನ್ನು ಹಿಡಿದಿಡಲು ಮೆತ್ತನೆಯ ಪಟ್ಟಿ. ಬಿಲ್ಲೆ ನಮ್ಮ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ರಕ್ತಕ್ಕೆ ಬಡಿದು ವಾಪಸು ಬಂದದ್ದನ್ನು ಆಲಿಸುತ್ತಿತ್ತು. ರಕ್ತ ನೆಟ್ಟಗೆ ಹರಿಯುತ್ತಿದ್ದರೆ ಒಂದೇ ಸಮನೆ ಸುಯ್ ಎನ್ನುವ ದನಿ; ಹೆಪ್ಪಿನ ಚೂರು ಹಾದುಹೋದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟ್. ಚಿಟ್‌ಗಳು ಹೆಚ್ಚಿದವೆಂದರೆ ಲಕ್ವಾ ದಾರಿಯಲ್ಲಿದೆ ಎಂದು ಅರ್ಥ. ಅಷ್ಟರೊಳಗೆ ತಲೆಯನ್ನು ಸ್ಕ್ಯಾನ್ ಮಾಡಿ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಮನುಷ್ಯ ಇಡಿಯಾಗಿ ಉಳಿಯುತ್ತಿದ್ದ. ಷರತ್ತು ಒಂದೇ. ರಕ್ತ ಹರಿಯುವ ರೀತಿ ಒಬ್ಬೊಬ್ಬರದು ಒಂದೊಂದು. ಬಿಲ್ಲೆ ಮೊದಲ ದಿನವೆಲ್ಲ ಒಬ್ಬರ ಕೊರಳನ್ನು ಕಲಿಯಬೇಕು, ಕಲಿತ ಮೇಲೆ ಅಲ್ಲೇ ಇರಬೇಕು.

ಪ್ರಯೋಗಶಾಲೆಯಲ್ಲಿ ಅದು ಚಿನ್ನದಂಥ ಯಂತ್ರ. ಊರಿಗೆ ಬಿಟ್ಟ ಮೇಲೆ ಅದರ ಗತಿ ನೋಡಬೇಕು.

ಯೋಜನೆಯ ಮುಖ್ಯಾಧಿಕಾರಿ ನಾಡಗೌಡರು ಕೆಟ್ಟವರಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಪಟ್ಟಿಗಳು ಕಡಿಮೆ, ಜ್ವರದವರು ಜಾಸ್ತಿ ಎಂದು ಗೊತ್ತಾದ ಕೂಡಲೇ ಅವರು "ಮನೆಗೊಂದು ಕೊರಳಪಟ್ಟಿ" ಎಂದು ಘೋಷಣೆ ಮಾಡಿಸಿ, ಅದನ್ನು ಬಸ್ಸುಗಳ ಬೆನ್ನಿಗೆಲ್ಲ ಅಂಟಿಸಿಬಿಟ್ಟರು. ಗ್ಯಾಸು ಮನೆಗೊಂದು, ಕರೆಂಟಿನ ಮೀಟರು ಮನೆಗೊಂದು, ಇದೂ ಮನೆಗೊಂದು ಇದ್ದರೆ ಯಾರಿಗೂ ಬೇಜಾರಿಲ್ಲ ಎಂಬುದು ಅವರ ಲೆಕ್ಕ. ಮಂದಾಕಿನಿ ಸಭೆಯಲ್ಲಿ ಎದ್ದು ನಿಂತು, "ಮನಿಗೆ ಕೊರಳ ಇರೂದಿಲ್ರೀ ಸರ್, ಮನಷ್ಯಾರಿಗೆ ಇರ್ತದ" ಎಂದಳು. ಎಲ್ಲರೂ ನಕ್ಕರು. ನಾಡಗೌಡರೂ ನಕ್ಕು, ಮನೆಯ ಹಿರಿಯರ ಹೆಸರಿಗೆ ನೋಂದಾಯಿಸೋಣ, ಅವರೇ ಕಟ್ಟಿಕೊಳ್ಳಲಿ ಎಂದು ಅಪ್ಪಣೆ ಕೊಡಿಸಿ ಊಟಕ್ಕೆ ಎದ್ದರು.

ಹಿರಿಯರು ಕಟ್ಟಿಕೊಂಡು ಸುಮ್ಮನಿರುತ್ತಾರೆಯೆ? ಒಂದು ಬಾಳೆಹಣ್ಣು ಬಂದರೂ ಹೋಳು ಮಾಡಿ ಹಂಚುವ ಮನೆಗಳು ಅವು. ಕಾಯುವ ವಸ್ತು ಒಂದು ಮನೆಗೆ ಬಂದಿದೆ, ಮನೆತುಂಬ ಜ್ವರ ಇದೆ, ಅದನ್ನು ಒಬ್ಬರೇ ಕೊರಳಿಗೆ ಬಿಗಿದುಕೊಂಡು ಕೂತರೆ ಉಳಿದವರ ಮುಖ ಹೇಗೆ ನೋಡುವುದು? ಹೀಗಾಗಿ ಪಟ್ಟಿ ಪಾಳಿಗೆ ಬಿತ್ತು. ಬೆಳಗ್ಗೆ ಅಪ್ಪನಿಗೆ, ಮಧ್ಯಾಹ್ನ ಮಗನಿಗೆ, ಸಂಜೆ ಬಾಣಂತಿ ಮಗಳಿಗೆ. ಬಿಲ್ಲೆ ಪಾಪ ಒಬ್ಬರ ಕೊರಳನ್ನು ಕಲಿಯುವಷ್ಟರಲ್ಲಿ ಇನ್ನೊಬ್ಬರ ಕೊರಳು ಬರುತ್ತಿತ್ತು. ಹೊಳೆಯ ದಿಕ್ಕೇ ಬದಲಾಯಿತು ಎಂದು ಅದು ಹೌಹಾರಿ ಕೂಗಿಕೊಳ್ಳುತ್ತಿತ್ತು.

ಆ ಕೂಗೆಲ್ಲ ಬಂದು ಬೀಳುತ್ತಿದ್ದುದು ಮಂದಾಕಿನಿಯ ನೆತ್ತಿಯ ಮೇಲೆ. ಊರಾಚೆಯ ಮುಚ್ಚಿದ ಗಿರಣಿಯೊಂದರ ಮಗ್ಗದ ಹಜಾರ ಈಗ ನಿಯಂತ್ರಣ ಕೊಠಡಿ. ಗೋಡೆಯಗಲದ ಪರದೆ, ಅದರ ತುಂಬ ಊರಿನ ಮನೆಗಳು, ಮನೆಗಳ ಮೇಲೆ ಕೆಂಪು ದೀಪಗಳು. ಸ್ಕ್ಯಾನಿನ ಗಾಡಿ ಕಳಿಸಿದರೆ ಮನೆಯವರು ನಗುತ್ತ ಬಾಗಿಲು ತೆಗೆದು, ಏನೂ ಇಲ್ಲರೀ, ಪಟ್ಟಿ ಸ್ವಲ್ಪ ತಮ್ಮಗ ಕಟ್ಟಿದ್ವಿ, ಚಹಾ ಕುಡದು ಹೋಗ್ರಿ ಎನ್ನುತ್ತಿದ್ದರು. ಅವಳು ತನ್ನ ದನಿಯಲ್ಲೇ ಸಂದೇಶ ಮುದ್ರಿಸಿ ಎಲ್ಲರ ಫೋನಿಗೂ ಕಳಿಸಿದಳು, ರೇಡಿಯೊದಲ್ಲಿ ಮಾತಾಡಿದಳು, ಗುಡಿ ಮಸೀದಿಗಳ ಮೈಕಿನಲ್ಲಿ ಹೇಳಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಜನ ಅಕ್ಕರೆಯಿಂದ ಕೇಳಿಸಿಕೊಂಡು, ಭಾಳ ಛಲೋ ಹೇಳ್ತಾರ ಡಾಕ್ಟ್ರು ಎಂದು ಪಟ್ಟಿಯನ್ನು ಮುಂದಿನವರ ಕೊರಳಿಗೆ ಕಟ್ಟಿದರು. ಅವಳಿಗೆ ಒಮ್ಮೊಮ್ಮೆ ಎಲ್ಲ ಬಿಟ್ಟು ಗಿರಣಿಯ ಚಿಮಣಿ ಹತ್ತಿ ಕೂಗಬೇಕು ಎನಿಸುತ್ತಿತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದ ಇಮ್ತಿಯಾಜ್ ಸಮಾಧಾನದ ಹುಡುಗ, ಸಂಕೇತಗಳನ್ನು ಬಿಡಿಸುವುದರಲ್ಲಿ ಗಟ್ಟಿಗ. ಸುಳ್ಳು ಕೂಗು ಬೇರೆ, ಸಾಸಿವೆ ಸಿಡಿಯುವ ನಿಜವಾದ ಕೂಗು ಬೇರೆ ಎಂದು ಅವನು ಕಿವಿಯಲ್ಲೇ ಜಾಲಾಡಿ ಹೇಳುತ್ತಿದ್ದುದರಿಂದ ಯೋಜನೆ ಹೇಗೋ ಉಸಿರಾಡಿಕೊಂಡಿತ್ತು.

ಹೀಗಿರುವಾಗ ಮಂದಾಕಿನಿಯ ಮನೆಗೇ ಜ್ವರ ಬಂತು. ಹಳೇ ಹುಬ್ಬಳ್ಳಿಯಲ್ಲಿ ಅವರದು ಕೂಡು ಕುಟುಂಬ. ಅತ್ತೆ ಫಕೀರವ್ವ, ಟೈರಿನ ಅಂಗಡಿ ನಡೆಸುವ ಗಂಡ ವಿರೂಪಾಕ್ಷ, ಮೈದುನ ಶಂಕ್ರಣ್ಣ, ಮೂವರೂ ಒಟ್ಟಿಗೆ ಮಲಗಿದರು. ಶಂಕ್ರಣ್ಣನ ಹೆಂಡತಿ ಸುವರ್ಣಾಳ ಪರೀಕ್ಷೆಯಲ್ಲಿ ಮಾತ್ರ ಏನೂ ಬರಲಿಲ್ಲ. ಮಂದಾಕಿನಿಗೆ ಸೋಂಕು ತಗುಲಿದರೆ ಇಡೀ ಊರಿನ ಪಟ್ಟಿಗಳು ಅನಾಥವಾಗುತ್ತವೆಂದು ಅವಳನ್ನು ಗಿರಣಿಯ ಕೋಣೆಯಲ್ಲೇ ಉಳಿಸಿಕೊಂಡರು. ಹಿರಿ ಸೊಸೆಗೆ ಆಫೀಸು, ಕಿರಿ ಸೊಸೆಗೆ ಒಲೆ ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಡೆದುಕೊಂಡು ಬಂದ ಕಟ್ಟಳೆ. ಜ್ವರದ ಕಾಲದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಮಂದಾಕಿನಿ ಬಿಡುವಾದಾಗ ಮನೆಗೆ ಫೋನು ಮಾಡುತ್ತಿದ್ದಳು. ಅತ್ತೆಯವರು ರೊಟ್ಟಿ ಬಿಟ್ಟು ಗಂಜಿಗೆ ಇಳಿದಿದ್ದಾರೆ, ಭಾವನವರ ಜ್ವರ ಇಳಿದಿದೆ, ಇವರಿಗೆ ಕೆಮ್ಮು ಇನ್ನೂ ಇದೆ ಎಂದು ಸುವರ್ಣಾ ವರದಿ ಒಪ್ಪಿಸುತ್ತಿದ್ದಳು. ಪಟ್ಟಿ ಅತ್ತೆಯ ಹೆಸರಲ್ಲಿದೆ, ಅವರ ಕೊರಳಿನಿಂದ ಯಾರೂ ತೆಗೆಯಕೂಡದು ಎಂದು ಮಂದಾಕಿನಿ ಪ್ರತಿಸಲವೂ ತಾಕೀತು ಮಾಡುತ್ತಿದ್ದಳು. ಹೂಂ ಅಕ್ಕಾ ಎನ್ನುತ್ತಿದ್ದಳು ಸುವರ್ಣಾ. ಫಕೀರವ್ವನಿಗೆ ಎದುರು ಹೇಳುವ ಗಂಡಸು ಆ ಓಣಿಯಲ್ಲೇ ಹುಟ್ಟಿರಲಿಲ್ಲ, ಇನ್ನು ಕಿರಿ ಸೊಸೆ ಏನು ಹೇಳಿಯಾಳು.

ಒಂದು ಬೆಳಗ್ಗೆ ಪರದೆಯ ಮೇಲೆ ಹಳೇ ಹುಬ್ಬಳ್ಳಿಯ ಒಂದು ಮನೆ ಕೆಂಪಾಯಿತು. ಇಮ್ತಿಯಾಜ್ ಕಿವಿಗೆ ಹಾಕಿಕೊಂಡು ಆಲಿಸಿದ. ಅವನ ಮುಖ ನೋಡಿಯೇ ಇದು ನಿಜದ ಕೂಗು ಎಂದು ಅವಳಿಗೆ ಗೊತ್ತಾಯಿತು. ಯಾರ ಮನೆ ಎಂದು ಕೇಳಿದಳು.

"ನಿಮ್ಮದ ರೀ ಮೇಡಂ," ಎಂದ ಅವನು.

ಮಂದಾಕಿನಿ ಕೆಲಸ ತಪ್ಪಿಸಲಿಲ್ಲ. ಸ್ಕ್ಯಾನಿನ ಗಾಡಿ ಆ ಭಾಗಕ್ಕೆ ಒಂದೇ. ಅದನ್ನು ಓಡಿಸಿದಳು, ಗಾಡಿ ಬರುತ್ತಿದೆ ಎಂದು ಮನೆಗೆ ತಿಳಿಸಿದಳು. ಗಾಡಿಯ ಎಳೆಯ ಡಾಕ್ಟರು ಹೋಗಿ, ಕೊರಳಲ್ಲಿ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ ಫಕೀರವ್ವನನ್ನು ಹತ್ತಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದರು. ಅಷ್ಟರಲ್ಲಿ ಇಮ್ತಿಯಾಜ್, ಸಾಸಿವೆ ನಿಂತಿದೆ ಮೇಡಂ ಎಂದ. ಒಂದು ಗಳಿಗೆ ಅವಳಿಗೂ ಹಾಯೆನಿಸಿತು. ಮರುಗಳಿಗೆ ಬೇರೆಯೇ ಹೊಳೆಯಿತು. ಅಷ್ಟು ಜೋರಾಗಿ ಹೆಪ್ಪು ಹರಿಯುತ್ತಿದ್ದ ನಾಳ ನಲ್ಲಿ ತಿರುಗಿಸಿದ ಹಾಗೆ ನಿಲ್ಲುವುದಿಲ್ಲ. ಚಿಟ್ ಅಂದದ್ದು ಒಂದು ಕೊರಳು, ಈಗ ಪಟ್ಟಿ ಇರುವುದು ಇನ್ನೊಂದರಲ್ಲಿ. ಗಾಡಿಯಿಂದ ಡಾಕ್ಟರು ಫೋನು ಮಾಡಿ, ಅಜ್ಜಿಯ ತಲೆ ಸ್ವಚ್ಛ ಇದೆ, ಎಲ್ಲೂ ಹೆಪ್ಪಿಲ್ಲ, ಸುಳ್ಳು ಕೂಗು ಎಂದು ಬರೆದುಕೊಂಡು ಮುಂದಿನ ಮನೆಗೆ ಹೊರಡುತ್ತೇನೆ ಎಂದರು.

ಹೊರಡಬೇಡಿ ಎಂದು ಗದರಿಸಿ, ಫೋನನ್ನು ಅತ್ತೆಯ ಕೈಗೆ ಕೊಡಿಸಿದಳು. ಊರಿಗೆಲ್ಲ ಬುದ್ಧಿ ಹೇಳಿದವಳ ಮನೆಯಲ್ಲೇ ಇದಾಗಬೇಕೆ ಎಂದು ಮೈಯೆಲ್ಲ ಉರಿಯಿತು.

"ಅತ್ತೀ, ಖರೇ ಹೇಳ್ರಿ. ಜಡ್ಡಾದವ್ರೊಳಗ ಪಟ್ಟಿ ಯಾರ್ಯಾರಿಗೆ ಕಟ್ಟಿದ್ರಿ?"

ಫಕೀರವ್ವ ಮುಚ್ಚಿಡುವ ಹೆಂಗಸಲ್ಲ. ಹಿರಿಯವಗೆ ಕಟ್ಟಿದ್ದೆ, ಕಿರಿಯವಗೆ ಕಟ್ಟಿದ್ದೆ, ನಾ ಎಪ್ಪತ್ತು ದಾಟಿದಾಕಿ, ನನ್ನ ಒಬ್ಬಾಕಿನ್ನ ಕಾಯ್ದು ಏನ್ ಮಾಡ್ತದ ಅದು, ಗಾಡಿ ಬರ್ತದ ಅಂದಮ್ಯಾಲ ನೀ ಬಯ್ಯತೀ ಅಂತ ತಿರುಗಿ ನಾನ ಕಟ್ಟಿಕೊಂಡೆ ಎಂದು ಒಂದೇ ಉಸಿರಿಗೆ ಹೇಳಿದಳು. ಮಂದಾಕಿನಿ ಹಲ್ಲು ಕಚ್ಚಿಕೊಂಡು ಮನೆಗೆ ವಿಡಿಯೊ ಕರೆ ಮಾಡಿದಳು. ವಿರೂಪಾಕ್ಷ, ಶಂಕ್ರಣ್ಣ ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿದಳು, ನಗಿಸಿದಳು, ಮಾತಾಡಿಸಿದಳು. ಇಬ್ಬರ ಕೈಯೂ ನೆಟ್ಟಗಿತ್ತು, ಬಾಯಿಯೂ ನೆಟ್ಟಗಿತ್ತು. ಶಂಕ್ರಣ್ಣನಂತೂ, ಸಾಲ್ಯಾಗ ಕವಾಯತು ಮಾಡಿಸಿದಂಗ ಮಾಡ್ತೀರಲ್ರೀ ವೈನಿ ಎಂದು ತಮಾಷೆಯನ್ನೇ ಮಾಡಿದ.

ಹಾಗಾದರೆ ಹೆಪ್ಪು ಯಾರ ಕೊರಳಲ್ಲಿ? ಇಬ್ಬರಲ್ಲಿ ಯಾರಿಗಾದರೂ ಇನ್ನು ಹೊಡೆಯುವುದಿದೆಯೆ? ಗಾಡಿಯನ್ನು ತಿರುಗಿಸಿ ಇಬ್ಬರನ್ನೂ ಸ್ಕ್ಯಾನ್ ಮಾಡಿ ಎಂದಳು. ಗಾಡಿ ತಿರುಗುವಷ್ಟರಲ್ಲಿ ಸುಮ್ಮನೆ ಕೂರಲಾರದೆ, ಕೂಗು ಬಂದ ಹೊತ್ತಿನ ಧ್ವನಿಮುದ್ರಿಕೆಯನ್ನು ತಾನೇ ಕಿವಿಗೆ ಹಾಕಿಕೊಂಡಳು. ಸುಯ್ ಎನ್ನುವ ಹರಿವು, ನಡುನಡುವೆ ಸಾಸಿವೆ. ಅದರ ಕೆಳಗೆ ಇನ್ನೊಂದು ಕಂಪನ ಇತ್ತು. ಪಟ್ಟಿ ಸಡಿಲಾಗಿ ಅಲುಗಾಡಿದ್ದು ಅನ್ನಿಸ್ತದ, ತೆಗೆದುಹಾಕಲಾ ಎಂದು ಇಮ್ತಿಯಾಜ್ ಕೇಳಿದ. ಬೇಡ, ಅದನ್ನೇ ದೊಡ್ಡದು ಮಾಡು ಎಂದಳು. ಅವನು ಉಳಿದದ್ದನ್ನೆಲ್ಲ ಸೋಸಿ ಅದೊಂದನ್ನೇ ಎತ್ತಿ ಕೇಳಿಸಿದ.

ಧಪ ಧಪ ಧಪ ಧಪ. ಇಡೀ ಮೈ ತೋಳಿನಿಂದ ಅದುರಿ, ಅದು ಕೊರಳಿಗೆ ಬಂದು ಮುಟ್ಟುವ ಒಂದೇ ಲಯ. ಕೆಲ ಹೊತ್ತು ಹಾಗೆ ಬಡಿದು ನಿಲ್ಲುತ್ತಿತ್ತು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮುಂದಿನ ಹಿಟ್ಟಿನ ಉಂಡೆ ನಾದುವಷ್ಟು ಹೊತ್ತು. ಮತ್ತೆ ಧಪ ಧಪ ಧಪ. ಜ್ವರದಲ್ಲಿ ಮಲಗಿದ ಗಂಡಸರು ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದಿಲ್ಲ. ಜ್ವರ ಇಲ್ಲದಾಗಲೂ ಬಡಿಯುವುದಿಲ್ಲ.

ಮಂದಾಕಿನಿ ಗಂಡನಿಗೆ ಫೋನು ಮಾಡಿ, ಸುವರ್ಣಾ ಎಲ್ಲಿ ಎಂದಳು. ಅಡುಗಿಮನ್ಯಾಗ ಅದಾಳ, ಆಕಿಗೇನಾಗೇದ, ಈಗ ಚಹಾ ಕೊಟ್ಟು ಹೋದ್ಲಲ್ಲ ಎಂದ ಅವನು. ಎದ್ದು ಹೋಗಿ ನೋಡು ಎಂದು ಅವಳು ಚೀರಿದ ರಭಸಕ್ಕೆ ಕೊಠಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಹಂಚಿನ ಮೇಲೆ ರೊಟ್ಟಿ ಕರಿದಾಗಿ ಹೊಗೆಯೇಳುತ್ತಿತ್ತು. ಸುವರ್ಣಾ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಹಿಟ್ಟಿನ ಪರಾತದಲ್ಲಿ ಬಿದ್ದಿತ್ತು. ಅದನ್ನು ಎಡಗೈಯಿಂದ ಎತ್ತಿ ಎತ್ತಿ ತೊಡೆಯ ಮೇಲೆ ಇಡಲು ನೋಡುತ್ತಿದ್ದಳು. ಭಾವ ಬಂದದ್ದು ಕಂಡು ಸೆರಗು ಸರಿಮಾಡಿಕೊಳ್ಳಲು ಹೋದಳು, ಆಗಲಿಲ್ಲ. ಒಲೆಯ ಕಡೆ ಕಣ್ಣು ತಿರುಗಿಸಿ ಏನೋ ಹೇಳಿದಳು, ಅದು ಮಾತಾಗಿ ಹೊರಬರಲಿಲ್ಲ. ವಿರೂಪಾಕ್ಷ ಫೋನು ಹಿಡಿದುಕೊಂಡು ಅಲ್ಲೇ ಅಳತೊಡಗಿದ.

ಗಾಡಿ ಬಂತು. ಸ್ಕ್ಯಾನಿನಲ್ಲಿ ಹೆಪ್ಪು ಎಡ ಮಿದುಳಿಗೆ ಹೋಗುವ ನಾಳದಲ್ಲಿ ಕೂತದ್ದು ಕಂಡಿತು. ಮದ್ದು ಗಾಡಿಯಲ್ಲೇ ಇತ್ತು. ಆದರೆ ಮದ್ದಿನ ಪೆಟ್ಟಿಗೆ ತೆರೆಯಲಿಲ್ಲ. ದುಬಾರಿ ಮದ್ದು ಕಳ್ಳದಾರಿ ಹಿಡಿಯಬಾರದೆಂದು ನಾಡಗೌಡರ ಸಮಿತಿ ಅದಕ್ಕೊಂದು ಬೀಗ ಹಾಕಿಸಿತ್ತು: ಯಾರ ಹೆಸರಿನ ಪಟ್ಟಿ ಕೂಗಿತೋ ಅವರ ಹೆಬ್ಬೆಟ್ಟಿಗೆ ಮಾತ್ರ ಅದು ತೆರೆಯಬೇಕು. ಸುವರ್ಣಾಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಎಳೆಯ ಡಾಕ್ಟರು ಅವಳ ಹೆಬ್ಬೆಟ್ಟನ್ನು ಒತ್ತಿ ಒತ್ತಿ ನೋಡಿ ಬೆವೆತರು.

ಮಂದಾಕಿನಿ ನಾಡಗೌಡರಿಗೆ ಫೋನು ಮಾಡಿದಳು. ಅವರು ಯಾವುದೋ ಸಭೆಯಲ್ಲಿದ್ದರು. ಹೊರಗೆ ಬಂದು, ಬೀಗ ತೆರೆಸಲು ಸಮಿತಿಯ ಇಬ್ಬರ ಒಪ್ಪಿಗೆ ಬೇಕು, ನೋಂದಣಿ ಇಲ್ಲದವರಿಗೆ ಕೊಟ್ಟು ನಾಳೆ ರಕ್ತಸ್ರಾವವಾದರೆ ಯಾರು ಜವಾಬ್ದಾರಿ, ನೋಡೋಣ, ಪ್ರಯತ್ನ ಮಾಡ್ತೀನಿ ಎಂದರು. ಅವಳು ಬೇಡಿಕೊಂಡಳು. ಬಯ್ದಳು. ಮತ್ತೆ ಬೇಡಿಕೊಂಡಳು. ಅವರು ನಿಜವಾಗಿಯೂ ಪ್ರಯತ್ನ ಮಾಡುತ್ತಿದ್ದರು, ಇಬ್ಬರಲ್ಲಿ ಒಬ್ಬರ ಫೋನು ಹತ್ತಲಿಲ್ಲ, ಅಷ್ಟೆ. ಇಲ್ಲಿ ಸುವರ್ಣಾಳ ಮಿದುಳು ಉಸಿರಿಲ್ಲದೆ ಸಾಯುತ್ತಿತ್ತು, ಮದ್ದು ಅವಳ ತಲೆದಿಂಬಿನ ಪಕ್ಕದಲ್ಲೇ ಇತ್ತು. ತಾನು ಮಾಡಿದ ಯಂತ್ರ, ತಾನು ಹಾಕಿಸಿದ ಗಾಡಿ, ತಾನು ಸಹಿ ಹಾಕಿದ ನಿಯಮ, ಎಲ್ಲವೂ ಒಟ್ಟಾಗಿ ಆ ಹುಡುಗಿಯ ಕುತ್ತಿಗೆ ಹಿಸುಕುತ್ತಿವೆ ಎಂದು ಮಂದಾಕಿನಿಗೆ ಅನ್ನಿಸಿ ಮೇಜನ್ನು ಗುದ್ದಿದಳು.

ಗಾಡಿಯ ಮೂಲೆಯಲ್ಲಿ ಕೂತ ಫಕೀರವ್ವನಿಗೆ ಈ ಬೀಗ, ನೋಂದಣಿ ಒಂದೂ ಅರ್ಥವಾಗಿರಲಿಲ್ಲ. ಪೆಟ್ಟಿಗೆ ಯಾಕೆ ತೆರೆಯುತ್ತಿಲ್ಲ ಎಂದು ಡಾಕ್ಟರನ್ನು ಕೇಳಿದಳು. ನಿಮ್ಮ ಹೆಸರಲ್ಲಿದೆ ಅಜ್ಜಿ ಎಂದರು ಅವರು.

"ನನ್ನ ಹೆಸರೀಲೆ ತಗೀರಿ, ಆಕಿಗೆ ಹಾಕ್ರಿ. ಅದಕ್ಕೇನ್ ಕೇಳೂದೈತಿ?" ಎಂದು ಫಕೀರವ್ವ ಹೆಬ್ಬೆಟ್ಟು ಚಾಚಿದಳು.

ಡಾಕ್ಟರು ಫೋನಿನಲ್ಲಿ ಮಂದಾಕಿನಿಯನ್ನು ಕೇಳಿದರು. ಮಾಡಿ, ಆದದ್ದೆಲ್ಲ ನನ್ನ ತಲೆಗಿರಲಿ ಎಂದಳು. ಪೆಟ್ಟಿಗೆ ತೆರೆಯಿತು. ಅತ್ತೆಯ ಹೆಸರಿನ ಮದ್ದು ಸೊಸೆಯ ನರಕ್ಕೆ ಇಳಿಯಿತು.

ಸುವರ್ಣಾ ಬದುಕಿದಳು. ಮಾತು ಚೂರುಚೂರಾಗಿ ತಿರುಗಿ ಬಂತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಬರಲಿಲ್ಲ. ಇನ್ನಷ್ಟು ಮೊದಲೇ ಸಿಕ್ಕಿದ್ದರೆ ಬರುತ್ತಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಹೇಳದಿದ್ದರೂ ಮಂದಾಕಿನಿಗೆ ಗೊತ್ತಿತ್ತು.

ಆ ತಿಂಗಳ ಸಭೆಯಲ್ಲಿ ನಾಡಗೌಡರು ಸಾಧನೆಗಳನ್ನು ಓದಿದರು. ಅದರಲ್ಲಿ ಎಪ್ಪತ್ತು ದಾಟಿದ ಫಕೀರವ್ವ ಹಂಚಿನಾಳ ಎಂಬ ಮಹಿಳೆ ಲಕ್ವಾದಿಂದ ಸಂಪೂರ್ಣ ಗುಣಮುಖರಾದದ್ದೂ ಇತ್ತು. ಯಂತ್ರಕ್ಕೆ ಗೊತ್ತಿದ್ದುದು ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ಮಂದಾಕಿನಿ ಎದ್ದು ನಿಂತು ನಿಜ ಹೇಳಿದಳು, ಬೀಗ ತೆಗೆಸಬೇಕು, ಪಟ್ಟಿ ಮನೆಗಲ್ಲ ಕೊರಳಿಗೆ ಕೊಡಬೇಕು, ಜ್ವರ ಇರಲಿ ಬಿಡಲಿ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು ಮೊದಲು ಕೇಳಬೇಕು ಎಂದಳು. ಮೊದಲನೆಯದನ್ನು ಪರಿಶೀಲಿಸುತ್ತೇವೆ ಎಂದರು. ಎರಡನೆಯದಕ್ಕೆ ಹಣವಿಲ್ಲ ಎಂದರು. ಮೂರನೆಯದು ವೈದ್ಯಕೀಯ ಪ್ರಶ್ನೆಯಲ್ಲ ಎಂದು ಒಬ್ಬರು ಹೇಳಿದಾಗ ಉಳಿದವರು ತಲೆದೂಗಿದರು. ಅವಳು ಇನ್ನೂ ಏನೋ ಹೇಳಹೋಗಿ, ಬಾಯಿ ಕಹಿಯಾಗಿ, ಚೀಲ ಎತ್ತಿಕೊಂಡು ಹೊರಬಿದ್ದಳು.

ನೇರ ಆಸ್ಪತ್ರೆಗೆ ಹೋದಳು. ಹಾಸಿಗೆಯ ಪಕ್ಕದಲ್ಲಿ ಫಕೀರವ್ವ ಕೂತು ಸೊಸೆಗೆ ಗಂಜಿ ಕುಡಿಸುತ್ತಿದ್ದಳು. ಮಂದಾಕಿನಿಯ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು. ಅತ್ತೆಯ ಮೇಲೆ ಇಳಿಯಿತು. ಆವತ್ತು ಅಷ್ಟು ಕೇಳಿದರೂ ಇವಳ ಹೆಸರು ಯಾಕೆ ಹೇಳಲಿಲ್ಲ ಎಂದು ರೇಗಿದಳು.

"ನೀ ಕೇಳಿದ್ದು ಜಡ್ಡಾದವ್ರನ್ನ," ಎಂದಳು ಫಕೀರವ್ವ, ಚಮಚ ಕೆಳಗಿಡದೆ. "ಇಕಿ ಜಡ್ಡಾಗಿದ್ಲೇನ? ಅಡಿಗಿ ಮಾಡಾಕತ್ತಿದ್ಲು. ಕಣ್ಣು ಕೆಂಪಗಾಗಿತ್ತು ಅಂತ ನಾನ ಒಂದೀಟು ಕಟ್ಟಿದ್ದೆ."

ಮಂದಾಕಿನಿ ಸುವರ್ಣಾಳ ಕಡೆ ತಿರುಗಿದಳು. ಸೋಂಕು ಇವಳಿಗೂ ತಗುಲಿತ್ತೆಂದು ಆಸ್ಪತ್ರೆಗೆ ಬಂದ ಮೇಲೆ ಗೊತ್ತಾಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ಕೇಳಿಬಿಟ್ಟಳು. ಜ್ವರ ಬಂದಿತ್ತಲ್ಲ, ಎಷ್ಟು ದಿನದಿಂದ ಇತ್ತು, ಗುಳಿಗೆ ನುಂಗಿಕೊಂಡು ಒಲೆ ಮುಂದೆ ಕೂತಿದ್ದೆಯಲ್ಲ, ನಾನು ದಿನವೂ ಫೋನು ಮಾಡುತ್ತಿದ್ದೆ, ಒಂದು ಮಾತು ಹೇಳಬಾರದಿತ್ತೆ, ಯಾಕೆ ಮುಚ್ಚಿಟ್ಟೆ?

ಸುವರ್ಣಾ ಮಾತುಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತಿದ್ದಳು. ತುಟಿಯ ಒಂದು ಮೂಲೆಯಿಂದ ಗಂಜಿ ಇಳಿಯಿತು, ಅತ್ತೆ ಸೆರಗಿನಿಂದ ಒರೆಸಿದಳು.

"ಮುಚ್ಚಿ... ಇಡಲಿಲ್ಲ ಅಕ್ಕಾ. ನೀವು... ಅತ್ತೀನ್ನ ಕೇಳಿದ್ರಿ. ಭಾವನ್ನ ಕೇಳಿದ್ರಿ. ಇವ್ರನ್ನ ಕೇಳಿದ್ರಿ. ಫೋನು ದಿನಾ... ನಾನ ಎತ್ತತಿದ್ದೆ. ನನ್ನ... ಕೇಳಲಿಲ್ಲ."

ದೂರು ಹೇಳುವ ದನಿಯಲ್ಲ ಅದು. ನಡೆದದ್ದನ್ನು ವರದಿ ಒಪ್ಪಿಸುತ್ತಿದ್ದಳು, ಎಂದಿನಂತೆ. ಊರಿನ ಸಾವಿರಾರು ಕೊರಳುಗಳ ಒಳಗಿನ ಸದ್ದು ಕೇಳುತ್ತಿದ್ದ ಮಂದಾಕಿನಿ ಚೀಲವನ್ನು ಕೆಳಗಿಟ್ಟಳು. ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ನಾಡಗೌಡರು. ಅದನ್ನು ಆರಿಸಿ ಕುರ್ಚಿ ಎಳೆದುಕೊಂಡು ಹಾಸಿಗೆಯ ಹತ್ತಿರ ಕೂತಳು.

"ಈಗ ಹೆಂಗದೀ ಸುವರ್ಣಾ?" ಎಂದಳು.

ಸುವರ್ಣಾ ಅತ್ತೆಯ ಮುಖ ನೋಡಿದಳು, ಕಿಟಕಿ ನೋಡಿದಳು, ಈ ಪ್ರಶ್ನೆ ತನಗೇ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಹೇಳತೊಡಗಿದಳು. ಒಂದೊಂದು ಮಾತಿಗೂ ಬಹಳ ಹೊತ್ತು ಹಿಡಿಯುತ್ತಿತ್ತು.